ಎತಿಯೆನ್‌ನ ಅಡ್ಡಹೆಸರು

೧೯೮೬ರ ಆ ಶನಿವಾರ ಓಕ್ಲ್ಯಾಂಡಿನ ವಂಶಾವಳಿ ಲೈಬ್ರರಿಯಲ್ಲಿ ಕಮಲವ್ವನಷ್ಟು ಖುಷಿಯಾಗಿದ್ದವರು ಯಾರೂ ಇರಲಿಲ್ಲ. ಅಮೆರಿಕದ ಸೊಸೆ ಲೊರೇನ್ ಹುಡುಕುತ್ತಿದ್ದದ್ದು ಇನ್ನೂ ಸಿಕ್ಕಿರಲಿಲ್ಲವಲ್ಲ, ಅದಕ್ಕೆ. ಅತ್ತೆಯಾದವಳಿಗೆ ಶೋಭಿಸುವ ಖುಷಿಯಲ್ಲ, ಒಪ್ಪಿದೆ. ಆದರೆ ಕರಾರೇ ಹಾಗಿತ್ತು.

ಲೊರೇನ್‌ಳ ತಂದೆಯ ಕಡೆಯವರು, ಲಾಫ್ಲೋರ್ ಮನೆತನದವರು, ಮುನ್ನೂರು ವರ್ಷದ ಹಿಂದೆ ಫ್ರಾನ್ಸಿನಿಂದ ಹಡಗಿನಲ್ಲಿ ಕೆನಡಾಕ್ಕೆ ಬಂದು ನೆಲೆನಿಂತವರು. ಹಾಗೆ ಮೊದಲು ಬಂದವನು ಯಾರೆಂದು ಗೊತ್ತಾದರೆ ಹೊಟ್ಟೆಯಲ್ಲಿರುವ ಗಂಡುಮಗುವಿಗೆ ಅವನ ಹೆಸರು. ಗೊತ್ತಾಗದಿದ್ದರೆ ತೀರಿಹೋದ ಅಜ್ಜನ, ಅಂದರೆ ಕಮಲವ್ವನ ಗಂಡನ ಹೆಸರು, ಸಿದ್ರಾಮಪ್ಪ. ಹೆರಿಗೆಗೆ ಎರಡೇ ವಾರವಿತ್ತು. ಎರವಲು ತರಿಸಿದ್ದ ಚರ್ಚಿನ ದಾಖಲೆಗಳ ಮೈಕ್ರೋಫಿಲ್ಮನ್ನು ಅಂದು ಸಂಜೆಯೇ ಹಿಂತಿರುಗಿಸಬೇಕಿತ್ತು.

ಲೊರೇನ್ ಗಂಡನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಗೋಳಾಡಿದಳು. ಮಂಜುನಾಥ ತಾಯಿಗೆ ಬಿಡಿಸಿ ಹೇಳಿದ.

"ಪಿಯೆರ್ ಲಾಫ್ಲೋರ್ ತನಕ ಬಂದಾಳವ್ವ. ಅವನ ಮದುವಿ ದಾಖಲೆಯೊಳಗ ಅಪ್ಪನ ಹೆಸರಿನ ಮ್ಯಾಲೆ ಮಸಿ ಚೆಲ್ಲೇದ. ತಾಯಿ ಕ್ಯಾಥರೀನ್ ಬೂಲೆ. ಅದೇ ಊರಾಗ ಕ್ಯಾಥರೀನ್ ಬೂಲೆಗೆ ಒಬ್ಬ ಪಿಯೆರ್ ಹುಟ್ಯಾನ, ಖರೆ. ಆದ್ರ ಅವನ ಅಪ್ಪ ಎತಿಯೆನ್ ಗಾರ್ನೋ. ಬ್ಯಾರೆ ಮನಿತನ ಅಂತ ಬಿಟ್ಟಾಳ."

"ತಾಯಿ ಗಂಡನ ಹೆಸರು ಹಚ್ಚಿಕೊಳ್ಳಾಂಗಿಲ್ಲೇನು?"

"ಇಲ್ಲ. ಅವರ ಪೈಕಿ ಹೆಂಗಸರಿಗೆ ಸಾಯೋತನಕ ತವರಿನ ಹೆಸರು."

ಕಮಲವ್ವನಿಗೆ ಬೇಡವೆಂದರೂ ಗುಟ್ಟು ತಿಳಿದುಹೋಯಿತು. ಗದಗಿನಲ್ಲಿ ಹುಟ್ಟಿದವರಿಗೆ ಇದೂ ಒಂದು ಒಗಟೇ? ಅವಳ ಗಂಡ ಮೆಣಸಿನಕಾಯಿ, ಗಂಡನ ಖಾಸಾ ಅಣ್ಣ ಅಂಗಡಿ. ಇಬ್ಬರೂ ಒಂದೇ ತಾಯಿಯ ಮಕ್ಕಳು. ಕಸುಬಿಗೊಂದು, ಊರಿಗೊಂದು ಅಡ್ಡಹೆಸರು ಅಂಟಿಕೊಳ್ಳುತ್ತದೆ, ಅಷ್ಟೆ.

ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು. ಮೂವತ್ತೆಂಟು ವರ್ಷ ಸಂಸಾರ ಮಾಡಿದರೂ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ, ಹೆಂಡತಿಯಾದವಳು ಹೇಳುವಂತಿಲ್ಲ. ಕರಾರಿನ ದಿನವೂ ಮಗನ ಬಾಯಿಂದಲೇ ಹೇಳಿಸಿದ್ದಳು. ಗಂಡ ತೀರಿಹೋದ ಮೇಲೆ ಆ ಹೆಸರು ಕಿವಿಗೂ ಬೀಳುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ದಿನಕ್ಕೆ ಹತ್ತು ಸಲ ಅದನ್ನು ಕೂಗಲಿ ಎಂಬುದೊಂದೇ ಅವಳ ಆಸೆ. ಸುಮ್ಮನಿರೇ ಮುದುಕಿ, ಎಂದು ತನಗೆ ತಾನೇ ಹೇಳಿಕೊಂಡಳು.

ಅಷ್ಟರಲ್ಲಿ ಲೊರೇನ್ ತೋಳಿನಿಂದ ಕಣ್ಣೊರೆಸಿಕೊಂಡು ಫಿಲ್ಮು ಸುತ್ತತೊಡಗಿದಳು. ಕಮಲವ್ವನಿಗೆ ತಡೆಯಲಾಗಲಿಲ್ಲ.

"ಮಂಜು, ಬಂದ್ ಮಾಡಬ್ಯಾಡ ಅನ್ನು ಆಕಿಗೆ. ತಾಯಿ ಒಬ್ಬಾಕೀನ ಅಂದ ಮ್ಯಾಲೆ ಬ್ಯಾರೆ ಮನಿತನ ಎಲ್ಲೀದು? ಅದು ಅಡ್ಡಹೆಸರು. ನಿಮ್ಮ ದೊಡ್ಡಪ್ಪ ಅಂಗಡಿ ಅಲ್ಲೇನು? ಆ ಎತಿಯೆನ್ ಸತ್ತದ್ದು ಹುಡುಕಲಿ. ಸತ್ತಾಗ ಎಲ್ಲಾ ಹೆಸರೂ ಬರೀತಾರ."

ಮಂಜುನಾಥ ಹೇಳಿ ಮುಗಿಸುವ ಮೊದಲೇ ಲೊರೇನ್ ಫಿಲ್ಮು ಓದುವ ಯಂತ್ರದ ಚಕ್ರ ತಿರುಗಿಸುತ್ತಿದ್ದಳು. ಪರದೆಯ ಮೇಲೆ ಪುಟಗಳು ಓಡಿದವು, ನಿಂತವು, ಮತ್ತೆ ಓಡಿದವು. ಮೂವರೂ ಬಗ್ಗಿ ನೋಡಿದರು. ಇದ್ದಕ್ಕಿದ್ದಂತೆ ಲೊರೇನ್ ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡೇ ಎದ್ದುನಿಂತಳು. ಎತಿಯೆನ್ ಗಾರ್ನೋ, ಸಿಪಾಯಿ, ಲಾಫ್ಲೋರ್ ಎಂದು ಕರೆಸಿಕೊಳ್ಳುತ್ತಿದ್ದವನು, ಹಡಗಿನಲ್ಲಿ ಫ್ರಾನ್ಸಿನಿಂದ ಬಂದವನು, ಕ್ಯಾಥರೀನ್ ಬೂಲೆಯ ಗಂಡ. ಎಲ್ಲಾ ಒಂದೇ ಸಾಲಿನಲ್ಲಿತ್ತು.

ಅವಳು ಅತ್ತೆಯನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. ಮಂಜುನಾಥನಿಗೆ ನಗು ನಿಲ್ಲಲೊಲ್ಲದು. ಕರಾರು ಸೋತಿದ್ದರೂ ಕಮಲವ್ವನೂ ನಕ್ಕಳು.

ಲೊರೇನ್ ಅವಳ ಕೈಯನ್ನು ತನ್ನ ಬಸಿರಿನ ಮೇಲಿಟ್ಟುಕೊಂಡು, ಬರುತ್ತಿದ್ದ ನಾಲ್ಕು ಕನ್ನಡ ಮಾತುಗಳಲ್ಲಿ ಎರಡನ್ನು ಆರಿಸಿ, "ಕರೀರಿ, ಅತ್ತಿ" ಎಂದಳು.

"ಎತಿಯೆನ್," ಎಂದಳು ಕಮಲವ್ವ, ಮೆಲ್ಲಗೆ.

ಸಿದ್ರಾಮಪ್ಪನಾಗಿದ್ದರೆ ಈ ಮೊಮ್ಮಗನನ್ನು ಜೀವಮಾನವೆಲ್ಲ 'ಏ ಕೂಸ' ಎಂದೇ ಕರೆಯಬೇಕಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು. ಇವನನ್ನು ಬಾಯ್ತುಂಬ ಕರೆಯಬಹುದು. ಆಚೆ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ಇನ್ನೊಮ್ಮೆ ಕರೆದಳು.