ಟೈರಿನೊಳಗಿನ ಗಾಳಿ

"ಬೋಳಿಮಕ್ಕಳಾ, ಮನೆ ಕಟ್ಕೊಳ್ಳಿ ಅಂದಿದ್ನೋ, ರಸ್ತೆಗೆ ಮುಖ ಮಾಡಿ ಬೋರ್ಡು ನೆಟ್ಕೊಳ್ಳಿ ಅಂದಿದ್ನೋ?"

ಗುತ್ತಿಗೆದಾರ ಬೆಳಿಗ್ಗೆಯೇ ಸಾಲುಮನೆಗಳ ಮುಂದೆ ನಿಂತು ಕೂಗುತ್ತಿದ್ದ. ಹೆಂಗಸರು ಒಲೆ ಬಿಟ್ಟು ಹೊರಗೆ ಬಂದರು. ಹಲ್ಲುಜ್ಜುತ್ತಿದ್ದ ಗಂಡಸರು ಅವನೆದುರು ಉಗುಳುವುದು ಹೇಗೆಂದು ಬಾಯಲ್ಲಿದ್ದುದನ್ನು ನುಂಗಿಕೊಂಡರು. ಯಾವ ಬೋರ್ಡು ಎಂದು ಯಾರಿಗೂ ಹೊಳೆಯಲಿಲ್ಲ. ಅವನು ಕೈಯಲ್ಲಿದ್ದ ಕೋಲಿನಿಂದ ಒಂದೊಂದೇ ಮನೆಯ ಗೋಡೆಗೆ ಬಡಿಯುತ್ತ ಹೋದ. ಆಗ ಗೊತ್ತಾಯಿತು, ಗೋಡೆಗಳೇ ಬೋರ್ಡು.

ಕಾರಿನ ಕಾರ್ಖಾನೆಯ ಕಾಂಪೌಂಡಿಗೂ ಹೆದ್ದಾರಿಗೂ ನಡುವೆ ಒಂದು ಬಯಲು, ಬಯಲಿನ ಅಂಚಿಗೆ ಈ ಸಾಲುಮನೆಗಳು. ಹಡಗಿನಲ್ಲಿ ಬರುವ ಎಂಜಿನ್ನು, ಗೇರು, ಗಾಜುಗಳ ಮರದ ಪೆಟ್ಟಿಗೆ ಒಡೆಯುವುದು ಅಲ್ಲಿನವರ ಕೆಲಸ. ಒಡೆದ ಹಲಗೆಗಳನ್ನು ಗುತ್ತಿಗೆದಾರ ಅವರಿಗೇ ಮಾರಿ ಕೂಲಿಯಲ್ಲಿ ಹಿಡಿದುಕೊಳ್ಳುತ್ತಿದ್ದ. ಹೀಗಾಗಿ ಒಬ್ಬೊಬ್ಬರ ಗೋಡೆಯ ಮೇಲೂ ಒಂದೊಂದು ದೇಶದ ಅಕ್ಷರ. ಓದಬಲ್ಲವರು ಯಾರೂ ಇರಲಿಲ್ಲ. ಅಕ್ಷರದ ಪಕ್ಕದಲ್ಲಿ ಚಿತ್ರಗಳಿದ್ದವು. ನೆನೆಸಬೇಡಿ ಎನ್ನುವುದಕ್ಕೆ ಛತ್ರಿ, ಹುಷಾರಾಗಿ ಎತ್ತಿ ಎನ್ನುವುದಕ್ಕೆ ಲೋಟ, ಯಾವ ಕಡೆ ಮೇಲಿರಬೇಕು ಎನ್ನುವುದಕ್ಕೆ ಬಾಣ. ಅವೇ ವಿಳಾಸವಾಗಿದ್ದವು. ಛತ್ರಿ ಮನೆಯವಳು, ಲೋಟದ ಮನೆಯವಳು ಎಂದರೆ ಸಾಕು. ಒಂದು ಮನೆಯ ಬಾಣ ಮಾತ್ರ ನೆಲಕ್ಕೆ ಮುಖ ಮಾಡಿತ್ತು. ಹಲಗೆ ತಲೆಕೆಳಗಾಗಿ ಕೂತಿತ್ತು ಅಷ್ಟೆ. ಆದರೆ ಆ ಮನೆಯ ಯಜಮಾನ ದಿನಾ ಕುಡಿದು ಬೀಳುವವನಾದ್ದರಿಂದ, ಪರದೇಶದವರಿಗೂ ಇವನ ಸುದ್ದಿ ಮುಟ್ಟಿದೆ ಎಂದು ಸಾಲಿನವರೆಲ್ಲ ನಗುತ್ತಿದ್ದರು.

ಅಂದು ಮಧ್ಯಾಹ್ನ ಆ ಬಯಲಿನಲ್ಲೇ ಸಮಾರಂಭ. ಶಾಮಿಯಾನದ ನಡುವೆ ಹೊಸ ಕಾರೊಂದು ಕೆಂಪು ಮಖಮಲ್ಲು ಹೊದ್ದು ನಿಂತಿತ್ತು. ರಾಜಧಾನಿಯಿಂದ ದೊಡ್ಡವರೊಬ್ಬರು ಬಂದು, ಮಖಮಲ್ಲು ಸರಿಸಿ, ಇದು ಅಪ್ಪಟ ಸ್ವದೇಶಿ ಕಾರು ಎಂದು ಘೋಷಿಸುವವರಿದ್ದರು. ಅವರು ಕೂರುವ ಕುರ್ಚಿಗೆ ನೇರ ಎದುರಿಗೆ ಈ ಗೋಡೆಗಳು.

ಗುತ್ತಿಗೆದಾರ ಸುಣ್ಣದ ಬಕೆಟ್ಟು ತರಿಸಿದ. ಸಾಲಿನವರೆಲ್ಲ ಬಳಿದರು. ಹಲಗೆಗಳು ಯಂತ್ರದ ಎಣ್ಣೆ ಕುಡಿದು ಕೂತಿದ್ದವು, ಸುಣ್ಣ ಹಿಡಿಯಲಿಲ್ಲ. ಹಿಡಿದ ಕಡೆಯೂ ಒಣಗಿದ ಮೇಲೆ ಕಪ್ಪಕ್ಷರ ಬಿಳಿಯೊಳಗಿಂದ ಎದ್ದು ಬಂತು. ಮೊದಲು ಕಣ್ಣಿಟ್ಟು ನೋಡಿದವರಿಗೆ ಕಾಣುತ್ತಿದ್ದದ್ದು ಈಗ ಹೆದ್ದಾರಿಯಲ್ಲಿ ಹೋಗುವ ಲಾರಿಯವರಿಗೂ ಕಾಣುವಂತಾಯಿತು.

ಆಗ ಆಡಳಿತದ ಸಾಹೇಬ ಬಂದ. ಕೋಟು ತೊಟ್ಟು, ಎದೆಯ ಮೇಲೆ ಅಂಗೈ ಅಗಲದ ಬಿಲ್ಲೆ ಸಿಕ್ಕಿಸಿಕೊಂಡಿದ್ದ. ಬಿಲ್ಲೆಯ ಮೇಲೆ 'ನಮ್ಮ ಕಾರು ನಮ್ಮ ಹೆಮ್ಮೆ' ಎಂದಿತ್ತು. ಗೋಡೆಗಳನ್ನು ನೋಡಿ ಅವನಿಗೆ ಮೊದಲು ನಗು ಬಂತು. ಲೋಟದ ಮನೆಯ ಮುಂದೆ ನಿಂತಿದ್ದ ಮೊಳೆಯವ್ವನನ್ನು, ಇದೆಲ್ಲ ಏನಮ್ಮ ಎಂದು ಕೇಳಿದ.

ಮೊಳೆಯವ್ವ ಎಂದರೆ ಪೆಟ್ಟಿಗೆಯಿಂದ ಮೊಳೆ ಕೀಳುವವಳು. ಕಿತ್ತ ಮೊಳೆಯನ್ನು ನೆಟ್ಟಗೆ ಮಾಡಿ ಮಡಿಲಿಗೆ ಹಾಕಿಕೊಳ್ಳುವುದು ಅವಳ ಅಭ್ಯಾಸ, ಹೆಸರು ಅದರಿಂದಲೇ ಬಂದದ್ದು. ಅವಳು, ಇದು ಕಾರಿನ ಸಾಮಾನು ಬಂದ ಪೆಟ್ಟಿಗೆ ಸಾಹೇಬ್ರೆ, ಕೂಲಿ ಮುರಿಸಿಕೊಂಡು ತಗೊಂಡದ್ದು ಎಂದಳು. ಯಾವ ಪೆಟ್ಟಿಗೆಯಲ್ಲಿ ಏನು ಬಂದಿತ್ತು ಎಂದು ಸಾಹೇಬ ಕೇಳಲಿಲ್ಲ. ಅವಳೇ ಹೇಳಿದಳು. ಛತ್ರಿ ಮನೆಯಲ್ಲಿ ಎಂಜಿನ್ನು ಬಂದಿತ್ತು. ಬಾಣದ ಮನೆಯಲ್ಲಿ ಗೇರು. ತನ್ನ ಮನೆಯಲ್ಲಿ ಗಾಜು. ಆ ಕಡೆಯ ಮನೆಗಳಲ್ಲಿ ದೀಪ, ವೈರು, ಬ್ರೇಕು.

"ಹಂಗಾದ್ರೆ ಇದ್ರಲ್ಲಿ ನಮ್ದು ಅಂತ ಏನಿದೆ ಸಾಹೇಬ್ರೆ?"

"ಟೈರಿನೊಳಗಿನ ಗಾಳಿ" ಎಂದ ಹಿಂದಿನಿಂದ ಬಾಣದ ಮನೆಯ ಕುಡುಕ.

ಗುತ್ತಿಗೆದಾರನೂ ನಕ್ಕುಬಿಟ್ಟ, ಆಮೇಲೆ ಕೆಮ್ಮಿದ. ಸಾಹೇಬ ತಾಳ್ಮೆಯಿಂದ ವಿವರಿಸಿದ. ಸಾಮಾನು ಎಲ್ಲಿಂದ ಬಂತು ಎಂದು ನೋಡುವುದು ದಡ್ಡರ ಲೆಕ್ಕ. ಕಾರಿನ ಬೆಲೆಯಲ್ಲಿ ಎಷ್ಟು ಪಾಲು ಈ ನೆಲದಲ್ಲಿ ಖರ್ಚಾಯಿತು ಎಂದು ನೋಡಬೇಕು. ಜಾಗದ ಬಾಡಿಗೆ, ಕರೆಂಟು, ಬಣ್ಣ, ಸಂಬಳ, ಕಡೆಗೆ ಪೆಟ್ಟಿಗೆ ಒಡೆಯುವ ಕೂಲಿ ಕೂಡ ಅದರಲ್ಲಿ ಬರುತ್ತದೆ. ಎಲ್ಲ ಸೇರಿ ಅರ್ಧ ದಾಟಿದರೆ ಕಾರು ಸ್ವದೇಶಿ. ಇದು ಕೂದಲೆಳೆಯಷ್ಟು ದಾಟಿದೆ. "ನೀವೂ ಅದರಲ್ಲಿ ಇದ್ದೀರಿ, ತಿಳೀತೇನಮ್ಮ? ಹೆಮ್ಮೆಪಡಿ."

ಮೊಳೆಯವ್ವ ತಲೆಯಾಡಿಸಿದಳು. ನಿಜವಾಗಿಯೂ ತಿಳಿದಿತ್ತು.

"ಅಂದ್ರೆ ನಮ್ ಕೂಲಿ ಜಾಸ್ತಿ ಮಾಡಿದ್ರೆ ಕಾರು ಇನ್ನೂ ಸ್ವದೇಶಿ ಆಗ್ತದೆ. ಮಾಡಿ ಮತ್ತೆ. ದೇಶಕ್ಕೋಸ್ಕರ ನಾವು ಬೇಡ ಅನ್ನಲ್ಲ."

ಈ ಸಲ ಯಾರೂ ನಗಲಿಲ್ಲ. ಸಾಹೇಬನ ಮುಖದ ನಗು ಮಾತ್ರ ಸುಣ್ಣದಂತೆ ಜಾರಿಹೋಯಿತು. ಅವನು ಅವಳ ಕಡೆ ನೋಡದೆ ಗುತ್ತಿಗೆದಾರನಿಗೆ, "ಎದುರಿನ ಗೋಡೆಗಳೆಲ್ಲ ಕೀಳ್ಸಿ. ಸಮಾರಂಭ ಮುಗಿದ ಮೇಲೆ ಬೇಕಾದ್ರೆ ಹೊಡ್ಕೊಳ್ಳಲಿ" ಎಂದ.

"ಒಳಗೆ ಹಸಿ ಬಾಣಂತಿ ಇದಾಳೆ" ಎಂದಳು ಮೊಳೆಯವ್ವ.

ಸಾಹೇಬ ಗಡಿಯಾರ ನೋಡಿಕೊಂಡ. ಒಂದು ಪರದೆಯನ್ನಾದರೂ ಕೊಡಿ, ಗಾಳಿ ಚೂಪಾಗಿದೆ ಎಂದು ಛತ್ರಿ ಮನೆಯವಳು ಕೇಳಿದಳು. ಬಟ್ಟೆ ಇರಲಿಲ್ಲವೆಂದಲ್ಲ, ಕಾರಿಗೆ ಧೂಳು ತಾಗಬಾರದು ಎಂದು ಇದ್ದ ಬಟ್ಟೆಯನ್ನೆಲ್ಲ ಅದರ ಹಿಂದೂ ಪಕ್ಕದಲ್ಲೂ ಕಟ್ಟಿದ್ದರು.

ಕೀಳುವುದಕ್ಕೆ ಬೇರೆ ಆಳು ಬೇಕಿರಲಿಲ್ಲ. ಕಾರ್ಖಾನೆಯಲ್ಲೇ ನುರಿತ ಕೈ ಅವರವು, ಅವರವರ ಗೋಡೆ ಅವರವರೇ ಕೀಳಬೇಕು ಎಂದ ಗುತ್ತಿಗೆದಾರ. ಕೀಳದವರು ನಾಳೆಯಿಂದ ಗೇಟಿನ ಕಡೆ ತಲೆ ಹಾಕುವುದು ಬೇಡ. ಮೊಳೆಯವ್ವ ಸುತ್ತಿಗೆ ಹಿಡಿದುಕೊಂಡು ಒಳಗೆ ಹೋದಳು. ಸೊಸೆ ಚಾಪೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಮಗು ಮಡಿಲಲ್ಲಿ ಮಲಗಿತ್ತು. ಮಾತೆಲ್ಲ ಅವಳಿಗೆ ಕೇಳಿಸಿತ್ತು. ಹಲಗೆಯ ಗೋಡೆ, ಕೇಳಿಸದೆ ಇರುತ್ತದೆಯೇ.

"ಕೀಳಿ ಅತ್ತೆ. ಕೆಲಸ ಹೋದ ಮೇಲೆ ಗೋಡೆ ಇಟ್ಕೊಂಡು ಏನ್ ಮಾಡೋಣ."

"ಹಾಳಾಗಿ ಹೋಗಲಿ ಅವನ ವಂಶ" ಎಂದಳು ಅತ್ತೆ. ಸೊಸೆ ಸರಿದು ಕೂತಳು.

ಮಗು ಏಳಬಾರದೆಂದು ಸುತ್ತಿಗೆ ಬಡಿಯದೆ, ಅದರ ಬಾಲದಿಂದ ಒಂದೊಂದೇ ಮೊಳೆಯನ್ನು ತಿರುಚಿ ತೆಗೆದಳು. ತೆಗೆದು, ನೆಟ್ಟಗೆ ಮಾಡಿ, ಮಡಿಲಿಗೆ ಹಾಕಿಕೊಂಡಳು. ಲೋಟದ ಹಲಗೆ ಕಡೆಯದು. ಅದು ಬಿದ್ದ ಕೂಡಲೇ ಬಯಲಿನ ಗಾಳಿ ನೇರ ಒಳಗೆ ನುಗ್ಗಿ ಒಲೆಯ ಬೂದಿ ಎಬ್ಬಿಸಿತು. ಮಗು ಸೀನಿತು. ಎದುರಿಗೆ ಶಾಮಿಯಾನ, ಸಾಲು ಕುರ್ಚಿ, ಕುರ್ಚಿ ಹಾಕುತ್ತಿದ್ದ ಗಂಡಸರು. ಅವರೆಲ್ಲ ಕೈ ನಿಲ್ಲಿಸಿ ಬಾಣಂತಿಯನ್ನು ನೋಡಿದರು. ಅವಳು ಸೆರಗನ್ನು ಮಗುವಿಗೆ ಹೊದಿಸುವುದೋ ತನಗೆ ಎಳೆದುಕೊಳ್ಳುವುದೋ ತಿಳಿಯದೆ ಗೋಡೆಯಿಲ್ಲದ ಕಡೆಗೆ ಬೆನ್ನು ತಿರುಗಿಸಿ ಕೂತಳು.

ಸಾಹೇಬ ಮತ್ತೆ ಬಂದು ನೋಡಿದ. ಅಕ್ಷರ ಹೋಗಿದ್ದವು. ಅಕ್ಷರವಿದ್ದ ಜಾಗದಲ್ಲಿ ಈಗ ಮಸಿ ಹಿಡಿದ ಪಾತ್ರೆ, ಹಗ್ಗದ ಮೇಲೆ ಮಗುವಿನ ಬಟ್ಟೆ, ಮೈಗೆ ಕಂಬಳಿಯಿಲ್ಲದ ಹೆಂಗಸು.

"ಥೂ, ಇದು ಅದಕ್ಕಿಂತ ಅಸಹ್ಯ" ಎಂದ. "ಇವಳನ್ನ ಎಲ್ಲಾದ್ರೂ ಸಾಗಿಸಿ. ದೊಡ್ಡವರ ಕಣ್ಣಿಗೆ ಬೀಳಬಾರದು."

ಕಾರ್ಖಾನೆಯ ಗೋಡೌನಿನಲ್ಲಿ ಒಂದು ಮೂಲೆ ಕೊಡಿ ಎಂದು ಮೊಳೆಯವ್ವ ಕೇಳಿದಳು. ಸೊಸೆಗೆ ಗೇಟ್ ಪಾಸ್ ಇಲ್ಲ. ಕಾವಲುಗಾರರ ಕೋಣೆ? ಅಲ್ಲಿ ದೊಡ್ಡವರ ಜೊತೆಯ ಪೊಲೀಸರು. ಸಾಲಿನ ಎಲ್ಲ ಮನೆಗಳ ಗತಿಯೂ ಅದೇ ಆಗಿತ್ತು, ಹಿಂದಿನ ಕಡೆ ಚರಂಡಿ. ಗುತ್ತಿಗೆದಾರ ಚರಂಡಿಯ ಕಡೆಗೇ ಕೈ ತೋರಿಸಿದ. ಮುಂಡೇದಕ್ಕೆ ಹೆರೋಕೂ ಈಗಲೇ ಮುಹೂರ್ತ ಸಿಕ್ತೇನೋ ಎಂದು ಬೈದು, ಕುರ್ಚಿ ತುಂಬಿಸಲು ಜನ ಕರೆತರುವುದಕ್ಕೆ ಹೋದ. ಸಾಹೇಬ ಹಾರ ಹಿಡಿದು ಹೆದ್ದಾರಿಯ ತಿರುವಿಗೆ ನಡೆದ.

ಮೊಳೆಯವ್ವ ಬಯಲನ್ನೆಲ್ಲ ಒಂದು ಸಲ ನೋಡಿದಳು. ಗಾಳಿ ನುಗ್ಗದ ಜಾಗ ಆ ಬಯಲಿನಲ್ಲಿ ಒಂದೇ ಒಂದಿತ್ತು.

ಅವಳ ಮಗ ಅಲ್ಲೇ ಇದ್ದ. ಮಖಮಲ್ಲಿನ ಅಂಚು ಎತ್ತಿ ಒಳಗೆ ತೂರಿ ಕಾರು ಒರೆಸುತ್ತಿದ್ದ. ಆ ದಿನಕ್ಕೆಂದು ಅವನಿಗೆ ಬಿಳಿ ಅಂಗಿ ತೊಡಿಸಿ, ಕಾರಿನ ಕೀಲಿಯನ್ನು ಕೈಗೆ ಕೊಟ್ಟು, ದೊಡ್ಡವರು ಕೇಳಿದಾಗ ಬಗ್ಗಿ ಕೊಡಬೇಕು ಎಂದು ಹೇಳಿಟ್ಟಿದ್ದರು. ಹೆಂಡತಿಯ ಮುಂದಿನ ಗೋಡೆ ಕಳಚಿದ್ದನ್ನು ಅವನು ಅಲ್ಲಿಂದಲೇ ನೋಡಿದ್ದ. ನೋಡಿ, ಒರೆಸಿದ ಬಾಗಿಲನ್ನೇ ಮತ್ತೆ ಒರೆಸಿದ್ದ. ಅವ್ವ ಸೊಸೆಯ ತೋಳು ಹಿಡಿದು ಬರುತ್ತಿರುವುದನ್ನು ಕಂಡು ಅವನಿಗೆ ಎಲ್ಲ ಅರ್ಥವಾಯಿತು.

"ಅವ್ವಾ, ಬೇಡ. ಹೊಟ್ಟೆ ಮೇಲೆ ಹೊಡೀಬೇಡ. ಈ ಕೆಲಸ ಪರ್ಮನೆಂಟ್ ಮಾಡ್ತೀನಿ ಅಂದಿದಾರೆ."

"ಮಾಡ್ಲಿ. ಕೀಲಿ ಕೊಡು."

"ಬೂಟ್ಸ್‌ಗಾಲಲ್ಲಿ ಒದೀತಾರೆ ಅವ್ವಾ."

"ಒದೆಸ್ಕೋ. ನಾನು ನಿನ್ನ ಹೆತ್ತಾಗ ನಿಮ್ಮಪ್ಪನೂ ಹಿಂಗೇ ಯಾರದೋ ಗಾಡಿ ತೊಳೀತಾ ನಿಂತಿದ್ದ. ಕೀಲಿ ಕೊಡೋ."

ಅವನು ಅವ್ವನಿಗೆ ಕೊಡಲಿಲ್ಲ. ತಾನೇ ಬಾಗಿಲು ತೆಗೆದ. ಹೆಂಡತಿ ಒಳಗೆ ಕಾಲಿಡುವ ಮುನ್ನ ಪಾದದ ಮಣ್ಣು ಒರೆಸಿಕೊಳ್ಳಲು ನಿಂತಳು. ಸುಮ್ನೆ ಹತ್ತು ಎಂದು ಅವನೇ ಗದರಿದ. ಹಿಂದಿನ ಸೀಟಿಗೆ ಹಾಕಿದ್ದ ಪ್ಲಾಸ್ಟಿಕ್ಕಿನ ಹೊದಿಕೆ ಸರಸರ ಎಂದಿತು. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ಹಿಂದಕ್ಕೆ ಒರಗಿದಳು, ಹೆರಿಗೆಯಾದ ಮೇಲೆ ಮೊದಲ ಬಾರಿಗೆ ಮೆತ್ತಗಿರುವುದಕ್ಕೆ ಒರಗಿದಳು. ಮಗನು ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿ, ಯಾವುದನ್ನು ಒತ್ತಿದರೆ ಬಾಗಿಲು ಬಿಗಿಯುತ್ತದೆ ಎಂದು ತೋರಿಸಿ, ಕೀಲಿಯನ್ನು ಅವಳ ಕೈಗಿಟ್ಟು ಮಖಮಲ್ಲು ಇಳಿಬಿಟ್ಟ.

ಕುರ್ಚಿ ಹಾಕುತ್ತಿದ್ದವರು ಕಂಡೂ ಕಾಣದವರಂತೆ ತಮ್ಮ ಕೆಲಸ ನೋಡಿಕೊಂಡರು. ಮೊಳೆಯವ್ವ ಹೋಗಿ ಜನರ ನಡುವೆ ಕೂತಳು.

ದೊಡ್ಡವರು ಬಂದರು. ಹಾರವಾಯಿತು, ಚಪ್ಪಾಳೆಯಾಯಿತು. ಎದುರಿನ ಬೋಳು ಮನೆಗಳನ್ನು ಕಂಡು ಅವು ಏನೆಂದು ಕೇಳಿದರು. ತೆರೆದ ಅಡುಗೆಮನೆ ಎಂದು ಸಾಹೇಬ ಹೇಳಿದ. ಅವರು ಮೆಚ್ಚಿಕೊಂಡರು. ಆಮೇಲೆ ಮೈಕಿನ ಮುಂದೆ ನಿಂತು ಉದ್ದಕ್ಕೆ ಮಾತಾಡಿದರು. ಈ ಕಾರಿನ ಮೈಯಲ್ಲಿ ಹರಿಯುವುದು ನಮ್ಮ ಬೆವರು ಎಂದರು. ಇದರೊಳಗೆ ಕೂತವರಿಗೆ ತಾಯಿಯ ಮಡಿಲಲ್ಲಿ ಕೂತಂತೆ ಅನಿಸಬೇಕು, ಸ್ವದೇಶಿ ಎಂದರೆ ಅದೇ ಎಂದರು. ಇದು ಈ ಮಣ್ಣಿನ ಕೂಸು ಎಂದು ಹೇಳಿ ಮಖಮಲ್ಲಿನ ತುದಿ ಹಿಡಿದು ಎಳೆದರು.

ಚಪ್ಪಾಳೆ ಶುರುವಾಗಿ ಅರ್ಧಕ್ಕೇ ನಿಂತಿತು. ಹಿಂದಿನ ಸೀಟಿನಲ್ಲಿ ಒಬ್ಬಳು ಹೆಂಗಸು ಮಗುವಿಗೆ ಮೊಲೆಯುಣಿಸುತ್ತಿದ್ದಳು. ಕ್ಯಾಮೆರಾದವರು ಕುರ್ಚಿ ದಾಟಿಕೊಂಡು ಮುಂದೆ ಬಂದರು. ಅವಳು ಸೆರಗು ಎಳೆದುಕೊಂಡಳು, ಏಳಲಿಲ್ಲ.

ಸಾಹೇಬ ಬಾಗಿಲು ಜಗ್ಗಿದ. ಬಿಗಿದಿತ್ತು. ಬಿಳಿ ಅಂಗಿಯವನ ಕಡೆಗೆ ತಿರುಗಿ ಅಂಗೈ ಚಾಚಿದ.

"ಕೀಲಿ."

"ಒಳಗಿದೆ ಸಾಹೇಬ್ರೆ."

ಗುತ್ತಿಗೆದಾರ ಓಡಿ ಬಂದ. ಎಲ್ಲಿಂದಲೋ ಒಂದು ಕಬ್ಬಿಣದ ಸರಳು ಹಿಡಿದು ತಂದು, ಸೂಳೆ ಮುಂಡೆ ಇಳೀತೀಯೋ ಇಲ್ವೋ ಎಂದು ಮುಂದಿನ ಬಾಗಿಲ ಗಾಜಿಗೆ ಎತ್ತಿದ. ಸಾಹೇಬ ಅವನ ರಟ್ಟೆ ಹಿಡಿದುಕೊಂಡ. ದೊಡ್ಡವರ ಮೈಕು ಇನ್ನೂ ಆರಿರಲಿಲ್ಲ, ಅವರಿಬ್ಬರೂ ಅದರ ಬಾಯಿಗೇ ನಿಂತಿದ್ದರು.

"ಒಡೀಬೇಡಯ್ಯ ಕತ್ತೆ, ಗಾಜು ಫಾರಿನ್ದು. ಇಲ್ಲಿ ಸಿಗಲ್ಲ, ಹಡಗಲ್ಲಿ ಬರಬೇಕು."

ಬಯಲಿನ ನಾಲ್ಕೂ ಮೂಲೆಗೆ ಕಟ್ಟಿದ್ದ ಮೈಕಿನ ಹಾರ್ನುಗಳು ಅದನ್ನು ಹೆದ್ದಾರಿಯವರೆಗೂ ಹೇಳಿದವು. ಜನರ ನಡುವೆ ಕುಡುಕನೊಬ್ಬನೇ ಚಪ್ಪಾಳೆ ತಟ್ಟಿದ. ಆಮೇಲೆ ಛತ್ರಿ ಮನೆಯವಳು ತಟ್ಟಿದಳು. ಮೊಳೆಯವ್ವ ತಟ್ಟಲಿಲ್ಲ, ಎದ್ದು ಹೋಗಿ ಕಾರಿನ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಪೊಲೀಸರು ಕುರ್ಚಿ ಸರಿಸುತ್ತ ಅವಳ ಕಡೆಗೆ ಬರುತ್ತಿದ್ದರು.

ಅವಳ ಮಗನಿಗೆ ಕೈಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಹೆಗಲ ಮೇಲಿದ್ದ ಬಟ್ಟೆ ತೆಗೆದು, ಅವ್ವನ ತಲೆಯ ಮೇಲಿಂದ ಬಾಗಿ, ಕಿಟಕಿಯ ಗಾಜು ಒರೆಸತೊಡಗಿದ. ಗಾಜಿನ ಮೇಲೆ ಮಬ್ಬು ಕಟ್ಟಿತ್ತು. ಮಬ್ಬು ಒಳಗಿನಿಂದ ಕಟ್ಟಿದ್ದು, ತಾಯಿ ಮಗು ಇಬ್ಬರ ಉಸಿರಿನದು. ಹೊರಗಿನಿಂದ ಅವನು ಒರೆಸುತ್ತಲೇ ಇದ್ದ.