ಬೀಗರು ಬಂದ ಮಧ್ಯಾಹ್ನ

ಅವರು ತಂದ ಸೇಬಿನ ಕವರು ಫ್ಯಾನಿನ ಗಾಳಿಗೆ ಸರಬರ ಅನ್ನುತ್ತಿದೆ, ಇಷ್ಟೊತ್ತಿಗೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೊಣನೂರು ಬಸ್ಸು ಹುಡುಕುತ್ತಿರಬೇಕು, ನಾನು ಮಂಚದ ತಲೆಭಾಗ ಇಳಿಸಿ ಅಪ್ಪನನ್ನು ಎಡಕ್ಕೆ ಹೊರಳಿಸುತ್ತೇನೆ, ಒಂದು ಕೈ ಭುಜಕ್ಕೆ, ಒಂದು ಸೊಂಟಕ್ಕೆ, ಎಳೆಯಬಾರದು, ಎತ್ತಬೇಕು, ಸಿಸ್ಟರ್ ದೀಪಶ್ರೀ ಮೊದಲ ದಿನವೇ ಬೈದು ಕಲಿಸಿದ್ದು — ಟ್ರ್ಯಾಕ್ಟರ್ ಮಗುಚಿದ ಮೇಲೆ ಅಪ್ಪನಿಗೆ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ, ಹುಣ್ಣಾದರೂ ನೋಯುವುದಿಲ್ಲ, ಅಪಾಯ ಅದೇ. ನಲವತ್ತೊಂದು ದಿನ, ಎರಡು ಗಂಟೆಗೊಮ್ಮೆ ಎಡ, ಬೆನ್ನು, ಬಲ, ಒಂದು ಗುಳ್ಳೆಯೂ ಎದ್ದಿಲ್ಲ, ಈ ವಾರ್ಡಿಗೇ ನಿಮ್ಮಪ್ಪನ ಬೆನ್ನೇ ಚೆಂದ ಕಣ್ರೀ ರಜನೀಶ್, ಚರ್ಮ ಹೀಗೇ ಇದ್ರೆ ಸೋಮವಾರ ಗಾಲಿಕುರ್ಚೀಲಿ ಕೂರಿಸ್ತಾರೆ ಎಂದಿದ್ದರು. ಎರಡಕ್ಕೆ ಹೊರಳಿಸಬೇಕಿತ್ತು, ಒಂದೂವರೆಗೆ ಅವರು ಬಂದರು, ತಂಗಿ ಮಾನ್ಯಳನ್ನು ಕೇಳಿರುವ ಮನೆಯವರು, ಇನ್ನೂ ಬೀಗರಾಗಿಲ್ಲ, ಆದರೂ ಬೀಗರೇ, ಮಂಚದ ಆ ಕಡೆ ಆತ, ಈ ಕಡೆ ಆಕೆ, ಎಡಕ್ಕೆ ತಿರುಗಿಸಿದರೆ ಬೀಗರಿಗೆ ಬೆನ್ನು, ಬಲಕ್ಕೆ ತಿರುಗಿಸಿದರೆ ಬೀಗಿತ್ತಿಗೆ, ಬೆನ್ ತೋರಿಸ್ಕಂಡು ಎಣ್ಣಿನ ಮಾತಾಡ್ಲೇನ್ಲಾ, ತಲೆ ಕಡೆ ಎತ್ಲಾ ಎಂದು ಅಪ್ಪ, ಎತ್ತಿದೆ, ಜಾರಿದ, ಕಂಕುಳಿಗೆ ಕೈ ಹಾಕಿ ಮೇಲಕ್ಕೆಳೆದೆ, ಎರಡು ಸಲ, ಹೌದು, ಎಳೆದೆ. ಡ್ಯೂಟಿ ಮುಗಿಸಿ ಹೊರಟ ದೀಪಶ್ರೀ ಬಾಗಿಲಿನಿಂದಲೇ ಟೈಮಾಯ್ತು ಎಂದರು, ಐದು ನಿಮಿಷ ಸಿಸ್ಟರ್ ಎಂದೆ, ಆ ಐದು ನಿಮಿಷ ಐದು ಗಂಟೆಯವರೆಗೂ ಹೋಯಿತು, ಬೀಗಿತ್ತಿ ಆಯಮ್ಮ ಬಿಡಲಿಲ್ಲ, ಧಾರೆ ಒತ್ಗೆ ಕೂತ್ಕಳಂಗಾಯ್ತಾರಾ ಯಜಮಾನ್ರು, ಅಪ್ಪ ನಕ್ಕ, ಸ್ವಾಮಾರ ಕುರ್ಚಿ ಮೇಲಿರ್ತೀನಿ ಕಣವ್ವ, ಕೈಯೇನು ಎಲ್ಲೋಯ್ತದೆ, ನಾನೇ ಎರೀತೀನಿ. ನಾನು ಗಡಿಯಾರ ನೋಡಿದೆ, ಎದ್ದು ಆಚೆ ಇರಿ ಎನ್ನಲು ನನಗೂ ನಾಚಿಕೆ. ಈಗ ಪಂಚೆ ಸರಿಸಿದರೆ ಬೆನ್ನಿನ ಬುಡದಲ್ಲಿ, ಮೂಳೆ ಚಾಚಿದ ಕಡೆ, ಕಪ್ಪು ಚರ್ಮದಲ್ಲಿ ನೇರಳೆ ಬಣ್ಣದ ಮಚ್ಚೆ, ಎರಡು ಬೆರಳಗಲ, ಸುತ್ತಲಿಗಿಂತ ಬೆಚ್ಚಗಿದೆ, ಬೆರಳೊತ್ತಿ ಬಿಟ್ಟರೆ ಬಣ್ಣ ಒಮ್ಮೆ ಸರಿದು ಮತ್ತೆ ತುಂಬಬೇಕು, ಸರಿಯದಿದ್ದರೆ ಒಳಗೆ ಹುಣ್ಣು ಶುರುವಾದಂತೆ ಎಂದು ಸಿಸ್ಟರ್ ಹೇಳಿದ್ದರು, ಸರಿಯುತ್ತಿಲ್ಲ, ಬೆಳಕು ಸಾಲದೇನೋ, ಮೊಬೈಲ್ ಟಾರ್ಚು ಹಾಕಿ ಒತ್ತುತ್ತೇನೆ, ನೇರಳೆ, ಒಪ್ಕಂಡಂಗೇ ಅಲ್ವೇನ್ಲಾ ಅವ್ರು ಎಂದು ಗೋಡೆಗೆ ಮುಖ ಮಾಡಿಕೊಂಡ ಅಪ್ಪ ಕೇಳುತ್ತಾನೆ, ಊಂ ಕಣಪ್ಪ ಒಪ್ಕಂಡ್ರು, ಮತ್ಯಾಕ್ಲಾ ಟಾರ್ಚು, ಏನಿಲ್ಲಪ್ಪ, ಒತ್ತುತ್ತೇನೆ, ಮನಸ್ಸಿನಲ್ಲೇ ಐದು ಎಣಿಸಿ ಬಿಡುತ್ತೇನೆ, ನೇರಳೆ, ಒತ್ತುತ್ತೇನೆ, ಬಿಡುತ್ತೇನೆ, ನೇರಳೆ