ಭುಜದ ಗೆರೆ

ವರ್ಷಕ್ಕೊಂದು ದಿನ ಕತ್ತರಿ ಕೆಳಗಿಟ್ಟು ಎಲ್ಲಾದರೂ ಹೋಗಿಬರುವುದು ಆ ಹೊಲಿಗೆ ಅಂಗಡಿಯವರ ರೂಢಿ. ಈ ಸಲ ಜಾಗ ಆರಿಸಿದವನು ಕಟಿಂಗ್ ಮಾಸ್ಟರ್: ಬೆಳಿಗ್ಗೆ ಕುದುರೆ ಸವಾರಿ, ಮಧ್ಯಾಹ್ನ ದೋಣಿಯಲ್ಲಿ ಕೂತು ನೀರುನಾಯಿ, ಮೊಸಳೆ ನೋಡುವುದು. ಹೋದ ವರ್ಷ ಗೆಳೆಯರ ಜೊತೆ ಬಂದ ತನ್ನ ತಮ್ಮ ಕುದುರೆ ಸಮೇತ ನೀರುಪಾಲಾದ ಹೊಳೆ ಇದೇ ಎಂದು ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಹೆಣ ಸಿಕ್ಕಿರಲಿಲ್ಲ. ಅಮ್ಮ ಈಗಲೂ ರಾತ್ರಿ ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ.

"ಒಂದ್ಸಲ ಕಣ್ಣಾರೆ ನೋಡ್ಕೊಂಡು ಬಾ," ಅಂದಿದ್ದಳು. "ಇಲ್ಲ ಅಂದ್ರೆ ಇಲ್ಲ. ಆಮೇಲೆ ಕೇಳಲ್ಲ."

ಆ ಒಂದು 'ಇಲ್ಲ' ತಂದುಕೊಟ್ಟರೆ ಮುದುಕಿ ನಿದ್ದೆಯನ್ನಾದರೂ ಮಾಡುತ್ತಾಳೆ ಎಂಬುದಷ್ಟೇ ಅವನ ಆಸೆ.

ಏಳು ಕುದುರೆಗಳು ಸಾಲಾಗಿ ಹೊರಟವು. ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯುವ ಅಕ್ಕ ಕುದುರೆಯ ಕತ್ತು ತಬ್ಬಿಕೊಂಡೇ ಕೂತಿದ್ದಳು. ಅದನ್ನು ನೋಡಿ ನಕ್ಕೂ ನಕ್ಕೂ ಅಂಗಡಿಯ ಯಜಮಾನರೇ ಜೀನಿನಿಂದ ಜಾರುವುದರಲ್ಲಿದ್ದರು. ಮಾಸ್ಟರ್ ಸಾಲಿನಲ್ಲಿ ನಾಲ್ಕನೆಯವನು. ಅವನ ಮುಂದೆ ಒಂದು ಕುದುರೆ ಹಿಡಿಸುವಷ್ಟು ಜಾಗ ಖಾಲಿ. ಹಿಮ್ಮಡಿಯಿಂದ ಎಷ್ಟು ತಿವಿದರೂ ಅವನ ಕುದುರೆ ಅದನ್ನು ತುಂಬಲೊಲ್ಲದು. ಕುದುರೆಯವನು ಬಳಿಗೆ ಬಂದು, ಸುಮ್ಮನೆ ಬಿಟ್ಟುಬಿಡಿ ಎಂದ. ಹೋದ ವರ್ಷ ಹೊಳೆಗೆ ಬಿದ್ದ ಕುದುರೆ ನಡೆಯುತ್ತಿದ್ದದ್ದು ಅಲ್ಲಿಯಂತೆ. ಉಳಿದವು ಅಂದಿನಿಂದ ಅದಕ್ಕೆ ಜಾಗ ಬಿಟ್ಟೇ ನಡೆಯುತ್ತವಂತೆ. ಮಾಸ್ಟರ್ ತಿವಿಯುವುದನ್ನು ನಿಲ್ಲಿಸಿದ.

ದೋಣಿಯಲ್ಲಿದ್ದದ್ದು ಒಂದೇ ದುರ್ಬೀನು. ಅವನ ಸರದಿ ಬಂದಾಗ ಆಚೆ ದಡದ ಜೊಂಡಿನ ನಡುವೆ ಒಬ್ಬ ಬೆನ್ನು ಮಾಡಿ ಕೂತಿರುವುದು ಕಂಡಿತು. ನೀಲಿ ಗೆರೆಯ ಅಂಗಿ. ಮಾಸ್ಟರ್ ಯಾರನ್ನೇ ಆಗಲಿ ಮುಖಕ್ಕಿಂತ ಮೊದಲು ಹೊಲಿಗೆ ನೋಡಿ ಗುರುತಿಸುವ ಆಸಾಮಿ. ಎಡಭುಜದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಿರಲಿಲ್ಲ, ಒಂದು ಬೆರಳು ತಪ್ಪಿತ್ತು. ಇಪ್ಪತ್ತು ವರ್ಷದಲ್ಲಿ ಅವನ ಕತ್ತರಿ ಹಾಗೆ ತಪ್ಪಿದ್ದು ಒಂದೇ ಸಲ, ತಮ್ಮನ ಅವಸರಕ್ಕೆ ಕಟ್ಟುಬಿದ್ದು. "ಬಂದ್ಮೇಲೆ ಸರಿಮಾಡ್ಕೊಡು, ಅಮ್ಮಂಗೂ ಹೇಳಲ್ಲ ಬಿಡಣ್ಣ," ಎಂದು ನಕ್ಕು, ಅಂಗಿಯನ್ನು ಅಂಗಡಿಯಲ್ಲೇ ತೊಟ್ಟುಕೊಂಡು ತಮ್ಮ ಅಲ್ಲಿಂದಲೇ ಬಸ್ಸು ಹತ್ತಿದ್ದ. ಅಮ್ಮ ಆ ಅಂಗಿಯನ್ನು ನೋಡಿಯೇ ಇರಲಿಲ್ಲ.

ದೋಣಿಯವನು ದುರ್ಬೀನು ತೆಗೆದುಕೊಂಡು ನೋಡಿ, ಅಲ್ಲಿ ಮೊಸಳೆ ಬಿಸಿಲು ಕಾಯಿಸುತ್ತಿದೆ ಅಷ್ಟೇ ಎಂದ. ಮೊಸಳೆ ಎಂದದ್ದೇ ತಡ, ಎಲ್ಲರೂ ಆ ಕಡೆ ಮುಗಿಬಿದ್ದರು.

ಸಂಜೆ ಹಿಂತಿರುಗುವಾಗ ಮಾಸ್ಟರನ ಕುದುರೆ ಮುಂದಿನದರ ಬಾಲಕ್ಕೆ ಮೂತಿ ತಾಗಿಸಿಕೊಂಡೇ ನಡೆಯಿತು. ತನ್ನ ಕುದುರೆ ಮಾಸ್ಟರನ ಹತ್ತಿರ ಬರಲು ಒಪ್ಪುತ್ತಿಲ್ಲ ಎಂದು ಕಾಜಾ ಅಕ್ಕ ಹಿಂದಿನಿಂದ ಗೊಣಗುತ್ತಿದ್ದಳು. ಖಾಲಿ ಜಾಗ ಈಗ ಅವನ ಬೆನ್ನ ಹಿಂದಿತ್ತು. ಅವನು ತಿರುಗಿ ನೋಡಲಿಲ್ಲ. ಹೆದರಿಕೆಯಾಗಿತ್ತು. ಎತ್ತಿ ಆಡಿಸಿದ ತಮ್ಮನಿಗೇ ಹೆದರುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗಿತ್ತು.

ದಾರಿಯುದ್ದಕ್ಕೂ ಆ 'ಇಲ್ಲ'ವನ್ನು ಬಾಯಿಪಾಠ ಮಾಡಿಕೊಂಡು ಬಂದ. ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಇಲ್ಲಮ್ಮ," ಎಂದ. "ಎಲ್ಲಾ ನೋಡ್ದೆ. ಅವನಿಲ್ಲ."

ಅಮ್ಮ ಅವನ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಅವನ ಹಿಂದೆ, ಹೊಸ್ತಿಲಾಚೆ, ಆಳೆತ್ತರಕ್ಕೆ ಕೈ ಚಾಚಿ ಏನನ್ನೋ ಬೆರಳಿನಿಂದ ನೇವರಿಸಿದಳು.

"ಭುಜದ ಗೆರೆ ಒಂದು ಬೆರಳು ತಪ್ಪಿದೆಯಲ್ಲೋ," ಅಂದಳು. "ಒಳಗೆ ಬಂದು ಸರಿಮಾಡ್ಕೊಡು ಅವನಿಗೆ."